ಸಾ ಸಂವೇದಕಕ್ಕೆ ಮೂರು ಗಣಕ ಮಾದರಿಗಳು: ರಾಯಚೂರಿನ ಭತ್ತದ ಗೋದಾಮಿಗಾಗಿ ಒಂದು ಹೋಲಿಕೆ

ರಾಯಚೂರಿನ ಗೋದಾಮುಗಳಲ್ಲಿ ಕೂಡಿಟ್ಟ ಭತ್ತದ ಸುತ್ತಲಿನ ಗಾಳಿಯ ತೇವಾಂಶವನ್ನು ಅಳೆಯಲು ಸರ್ಫೇಸ್ ಅಕೌಸ್ಟಿಕ್ ವೇವ್ ಸಂವೇದಕ, ಅಂದರೆ ಸ್ಫಟಿಕದ ಮೇಲ್ಮೈಯಲ್ಲಿ ಸಾಗುವ ಯಾಂತ್ರಿಕ ಅಲೆಯ ಆವರ್ತನ ಎಷ್ಟು ಬದಲಾಯಿತು ಎಂಬುದರಿಂದ ಅಳೆಯುವ ಸಾ (SAW) ಸಂವೇದಕ, ಎಷ್ಟು ಸೂಕ್ತ ಎಂಬುದನ್ನು ತಯಾರಿಕೆಗೆ ಮೊದಲೇ ತಿಳಿಯಲು ಮೂರು ಗಣಕ ಮಾದರಿಗಳನ್ನು ಬಳಸಿ ನೋಡಿದೆ. ವಿನ್ಯಾಸ ಮೂರಕ್ಕೂ ಒಂದೇ: 128 ಡಿಗ್ರಿ ಕಡಿತದ ಲಿಥಿಯಂ ನಯೋಬೇಟ್ ಸ್ಫಟಿಕದ ತಲ, 40 ಮೈಕ್ರೋಮೀಟರ್ ತರಂಗಾಂತರ, 10 ಮೈಕ್ರೋಮೀಟರ್ ಅಗಲದ ಅಲ್ಯೂಮಿನಿಯಂ ಬೆರಳುಗಳು (ವಿದ್ಯುತ್ ಸಂಕೇತವನ್ನು ಅಲೆಯಾಗಿಸುವ ತೆಳು ಪಟ್ಟಿಗಳು). ಇದರ ಮೇಲ್ಮೈಯಲ್ಲಿ ತರಂಗವು ಸೆಕೆಂಡಿಗೆ ಸುಮಾರು 3,980 ಮೀಟರ್ ವೇಗದಲ್ಲಿ ಸಾಗುವುದರಿಂದ ಕೇಂದ್ರ ಆವರ್ತನ 100 ಮೆಗಾಹರ್ಟ್ಸ್‌ನ ಸಮೀಪ ನಿಲ್ಲುತ್ತದೆ.

ಬೆರಳುಗಳ ಜೋಡಣೆಯಿಂದಲೇ ಸಾಧನದ ಆವರ್ತನ ನಕ್ಷೆಯನ್ನು ಅಂದಾಜಿಸುವ ಇಂಪಲ್ಸ್ ರೆಸ್ಪಾನ್ಸ್ ಮಾದರಿಯನ್ನು ಆಕ್ಟೇವ್ ಎಂಬ ಗಣಿತ ತಂತ್ರಾಂಶದಲ್ಲಿ ಕೆಲವೇ ಸಾಲುಗಳಲ್ಲಿ ಬರೆಯಬಹುದು, ಉತ್ತರವೂ ಕ್ಷಣದಲ್ಲಿ ಸಿಗುತ್ತದೆ. 50 ಜೋಡಿ ಬೆರಳುಗಳಿಗೆ ಮುಖ್ಯ ಶಿಖರದ ಎರಡೂ ಬದಿಯಲ್ಲಿ ಸಂಕೇತ ಸೊನ್ನೆಯಾಗುವ ಬಿಂದುಗಳ ನಡುವೆ 4 ಮೆಗಾಹರ್ಟ್ಸ್ ಅಂತರವಿರುತ್ತದೆ ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ. ಬೆರಳುಗಳಿಂದ ಆಗುವ ಪ್ರತಿಫಲನವನ್ನಾಗಲಿ, ತೇವ ಹೀರಲೆಂದು ಮೇಲೆ ಲೇಪಿಸಿದ ಪಾಲಿಮರ್ ಪದರವನ್ನಾಗಲಿ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪದರದ ಪ್ರಶ್ನೆಗೆ ಉತ್ತರ ಕೊಡುವುದು ಸಾಧನವನ್ನು ಸಣ್ಣ ತುಣುಕುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ. ಕಾಮ್ಸಾಲ್ ಎಂಬ ತಂತ್ರಾಂಶದಲ್ಲಿ ಒಂದೇ ತರಂಗಾಂತರದಷ್ಟು ಅಗಲದ ಕೋಶವನ್ನು ಕಟ್ಟಿ, ಎರಡೂ ಬದಿಗೆ ಆವರ್ತಕ ಗಡಿ ಷರತ್ತನ್ನೂ (ಅದೇ ಕೋಶ ಅಕ್ಕಪಕ್ಕದಲ್ಲಿ ಮರುಕಳಿಸುತ್ತದೆ ಎಂಬ ಷರತ್ತು) ತಳಕ್ಕೆ ತರಂಗವನ್ನು ಹೀರುವ ಪದರವನ್ನೂ ಕೊಟ್ಟರೆ, ಶಕ್ತಿಯು ಮೇಲ್ಮೈಯಿಂದ ಸುಮಾರು ಒಂದು ತರಂಗಾಂತರದ ಆಳದೊಳಗೇ ಉಳಿಯುವುದು ಕಣ್ಣಿಗೆ ಕಾಣುತ್ತದೆ. ತೇವ ಹೀರಿದಾಗ ಆಗುವಂತೆ ಪಾಲಿಮರ್‌ನ ಸಾಂದ್ರತೆಯನ್ನು ಸ್ವಲ್ಪ ಏರಿಸಿದೊಡನೆ ಆವರ್ತನ ಇಳಿಯುತ್ತದೆ. ಸಂವೇದಕದ ಜೀವಾಳವೇ ಆ ಇಳಿಕೆ. ಇಲ್ಲಿ ಸ್ಫಟಿಕದ ಅಕ್ಷಗಳನ್ನು ತಿರುಗಿಸುವ ಕೋನಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಕೋನ ತಪ್ಪಿದರೂ ಅಲೆಯ ಚಿತ್ರ ಸರಿಯಾಗಿರುವಂತೆಯೇ ತೋರುತ್ತದೆ, ವೇಗ ಮಾತ್ರ ಬೇರೆ ಬರುತ್ತದೆ. ನೂರಾರು ಬೆರಳುಗಳ ಇಡೀ ಸಾಧನವನ್ನು ಮೂರು ಆಯಾಮಗಳಲ್ಲಿ ಕಟ್ಟುವುದಂತೂ ಸಾಧಾರಣ ಪ್ರಯೋಗಾಲಯದ ಗಣಕದ ಮೆಮೊರಿಗೆ ನಿಲುಕುವ ಕೆಲಸವಲ್ಲ.

ಆದ್ದರಿಂದಲೇ ನನ್ನ ಒಲವು ಕಪ್ಲಿಂಗ್ ಆಫ್ ಮೋಡ್ಸ್ ಮಾದರಿಯ ಕಡೆಗೆ; ಎದುರುಬದುರಾಗಿ ಸಾಗುವ ಎರಡು ಅಲೆಗಳು ಬೆರಳುಗಳ ಪ್ರತಿಫಲನದಿಂದ ಒಂದರೊಳಗೊಂದು ಬೆರೆಯುವುದನ್ನು ಅದು ಲೆಕ್ಕ ಹಾಕುತ್ತದೆ. ಅದಕ್ಕೆ ಬೇಕಾದ ವೇಗವೂ ಪ್ರತಿಫಲನ ಗುಣಾಂಕವೂ ಆ ಒಂದು ಕೋಶದ ಲೆಕ್ಕದಲ್ಲಿ ಸಿಗುವ ಎರಡು ಅನುರಣನಗಳಿಂದಲೇ ದೊರೆಯುತ್ತವೆ; ಬಳಿಕ ಇಡೀ ಸಾಧನದ ಲೆಕ್ಕ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ನಯೋಬೇಟ್ ತಲದ ಆವರ್ತನವು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 75 ಭಾಗದಷ್ಟು ಕುಸಿಯುವುದರಿಂದ, ರಾತ್ರಿಗೂ ಹಗಲಿಗೂ 15 ಡಿಗ್ರಿ ಅಂತರವಿದ್ದರೆ ಆವರ್ತನ 110 ಕಿಲೋಹರ್ಟ್ಸ್‌ಗಿಂತ ಹೆಚ್ಚು ಸರಿಯುತ್ತದೆ, ತೇವದ ಸುಳಿವು ಅದರಲ್ಲಿ ಮುಳುಗಿಹೋಗಬಹುದು. ಎಸ್‌ಟಿ ಕಡಿತದ, ಅಂದರೆ ಶಾಖದ ಪ್ರಭಾವ ಕಡಿಮೆಯಿರುವ ಕೋನದಲ್ಲಿ ಕತ್ತರಿಸಿದ, ಕ್ವಾರ್ಟ್ಜ್‌ನಲ್ಲಿ ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ, ಆದರೆ ಅದರ ವಿದ್ಯುತ್-ಯಾಂತ್ರಿಕ ಜೋಡಣೆ (ವಿದ್ಯುತ್ತು ಅಲೆಯಾಗಿ ಮಾರ್ಪಡುವ ಸಾಮರ್ಥ್ಯದ ಅಳತೆ) ಸುಮಾರು 0.11 ಶೇಕಡ ಮಾತ್ರ, ನಯೋಬೇಟ್‌ನಲ್ಲಿ ಅದು 5 ಶೇಕಡ ಮೀರುತ್ತದೆ. ಹಾಗಾಗಿ ನಯೋಬೇಟ್ ಅನ್ನೇ ಉಳಿಸಿಕೊಂಡು, ಒಂದೇ ತಲದ ಮೇಲೆ ಎರಡು ಪಥಗಳನ್ನಿಟ್ಟು, ಒಂದಕ್ಕೆ ಮಾತ್ರ ಪಾಲಿಮರ್ ಲೇಪಿಸಿ ಎರಡರ ವ್ಯತ್ಯಾಸವನ್ನು ಓದುವ ವಿನ್ಯಾಸವನ್ನು ಈಗ ಲೆಕ್ಕ ಹಾಕುತ್ತಿದ್ದೇನೆ. ಪಾಲಿಮರ್ ತಾನೂ ಶಾಖಕ್ಕೆ ಮೆದುವಾಗುವುದರಿಂದ ಈ ವ್ಯತ್ಯಾಸದಲ್ಲೂ ಶಾಖದ ಪ್ರಭಾವ ಪೂರ್ತಿ ಕಳೆಯುವುದಿಲ್ಲ. ಅದೆಷ್ಟು ಉಳಿಯುತ್ತದೆ ಎಂಬುದಕ್ಕೆ ಮತ್ತೆ ಕೋಶದ ಲೆಕ್ಕಕ್ಕೇ ಹೋಗಬೇಕು.