ಅಣಬೆ ಕೋಣೆಗೆ ಯಾವ ಗಾಳಿ: ಹಸಿ ತಟ್ಟು, ಎಕ್ಸಾಸ್ಟ್ ಫ್ಯಾನ್, ಕೂಲರ್

ಸಿಂಪಿ ಅಣಬೆ ಬಿಡುವ ಕೋಣೆಯಲ್ಲಿ ತೇವ ಶೇ. 80ರಿಂದ 90 ಇರಬೇಕು, ಒಳಗಿನ ಗಾಳಿಯೂ ಗಂಟೆಗೆ ನಾಲ್ಕೈದು ಸಲ ಬದಲಾಗಬೇಕು. ಇವೆರಡಕ್ಕೂ ಹೊಂದಾಣಿಕೆ ಇಲ್ಲ. ಗಾಳಿ ಬದಲಿಸಿದಷ್ಟೂ ತೇವ ಹೊರಬೀಳುತ್ತದೆ. ತೇವ ಉಳಿಯಲೆಂದು ಕಿಟಕಿ ಮುಚ್ಚಿದರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಕಟ್ಟಿಕೊಂಡು ಅಣಬೆಯ ದೇಟು ಉದ್ದವಾಗಿ, ಕೊಡೆ ಗುಂಡಿಯಷ್ಟಕ್ಕೇ ನಿಲ್ಲುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮನೆಯೊಳಗಿನ ಕೋಣೆಗಳಲ್ಲಿ ಹಸಿ ಗೋಣಿತಟ್ಟು, ಎಕ್ಸಾಸ್ಟ್ ಫ್ಯಾನ್, ಕೂಲರ್ ಈ ಮೂರನ್ನೂ ನಡೆಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಯಾವ ಯಂತ್ರ ಒಳ್ಳೆಯದು ಎಂಬುದನ್ನು ಊರಿನ ಹವೆ ಹೇಳುತ್ತದೆ, ಅಂಗಡಿಯವನಲ್ಲ.

ಲೆಕ್ಕಕ್ಕೆ ಒಂದೇ ಅಳತೆ ಇಟ್ಟುಕೊಳ್ಳೋಣ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿ ಇರುವ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಬದಲಿಸಲು 140 ಘನ ಮೀಟರ್ ಬೇಕು. ಇದು ಅಣಬೆ ಬಿಡುವ ಹಂತಕ್ಕೆ ಮಾತ್ರ. ಬೀಜ ಹಾಕಿದ ಮೇಲಿನ ಹದಿನೈದು ಇಪ್ಪತ್ತು ದಿನ, ಕಣಿಕೆ (ಒಣ ದಂಟು) ತುಂಬಿದ ಚೀಲದೊಳಗೆ ಅಣಬೆಯ ಬಿಳಿ ಜಾಲ ಹಬ್ಬುವಾಗ, ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದರೂ ತೊಂದರೆ ಇಲ್ಲ. ಆಗ ನೋಡಬೇಕಾದದ್ದು ಬಿಸಿ. ಚೀಲದ ಹೊಟ್ಟೆ ಕೋಣೆಗಿಂತ ಎರಡರಿಂದ ಐದು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಆದ್ದರಿಂದ ಗೋಡೆಯ ಥರ್ಮಾಮೀಟರ್ 32 ತೋರಿಸಿದರೆ ಒಳಗೆ 35 ದಾಟಿರಬಹುದು. ಅಲ್ಲಿಗೆ ಬಿಳಿ ಜಾಲ ಸೊರಗಿ, ಟ್ರೈಕೋಡರ್ಮಾ ಎಂಬ ಹಸಿರು ಬೂಸ್ಟು ಜಾಗ ಹಿಡಿಯುತ್ತದೆ. ಚೀಲಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟಿದವರಿಗೆ ಈ ಪೆಟ್ಟು ಮೊದಲು ಬೀಳುತ್ತದೆ. ನಡುವೆ ಒಂದು ಗೇಣು ಬಿಡಿ.

ಹಸಿ ಗೋಣಿತಟ್ಟು

ಕಿಟಕಿಗೆ ಎರಡು ಪದರ ಗೋಣಿತಟ್ಟು, ನೆಲಕ್ಕೆ ಎರಡು ಇಂಚು ಮರಳು, ದಿನಕ್ಕೆ ಮೂರ್ನಾಲ್ಕು ಸಲ ನೀರು. ಖರ್ಚಿಲ್ಲ, ಕರೆಂಟಿನ ಹಂಗಿಲ್ಲ. ಇಂಡಿ, ಸಿಂದಗಿ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಯೇ ಅರ್ಧ ಕೆಲಸ ಮಾಡುತ್ತದೆ. ಮೇಲಿನ ಗವಾಕ್ಷಿ ತೆರೆದಿದ್ದರೆ ಬಿಸಿ ಗಾಳಿ ಅಲ್ಲಿಂದ ಹೋಗಿ, ತಟ್ಟಿನ ಮೂಲಕ ತಂಪು ಗಾಳಿ ಬರುತ್ತದೆ. ಚಳಿಗಾಲದಲ್ಲಿ ಇಂಥ ಮನೆಗೆ ಬೇರೇನೂ ಬೇಡ. ಅದೇ ತಟ್ಟನ್ನು ಬಾಗಲಕೋಟೆ ನವನಗರದ ಆರ್‌ಸಿಸಿ ಕೋಣೆಗೆ ಕಟ್ಟಿದರೆ, ಹೊರಗೆ ಗಾಳಿ ಬೀಸದ ಹೊತ್ತಿನಲ್ಲಿ ಅದು ಬರೀ ಒದ್ದೆ ಪರದೆ. ಮಾರ್ಚ್ ಬಂದರೆ ಸ್ಲ್ಯಾಬ್ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಲೇ ಇರುತ್ತದೆ.

ತಟ್ಟಿನ ಇನ್ನೊಂದು ದೋಷ ವಾಸನೆ. ಸದಾ ಹಸಿ ಇರುವ ಸೆಣಬು ವಾರದೊಳಗೆ ಮುಗ್ಗುತ್ತದೆ, ಅದರ ಬೂಸ್ಟಿನ ಬೀಜಕಣ ನೇರವಾಗಿ ಚೀಲಗಳ ಮೇಲೆ ಬೀಳುತ್ತವೆ. ಎರಡು ಜೊತೆ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸಿ. ತೆಗೆದದ್ದನ್ನು ಕುದಿಸಿ ಬಿಸಿಲಿಗೆ ಹಾಕಿ.

ಎಕ್ಸಾಸ್ಟ್ ಫ್ಯಾನ್

ಬೆಳಗಾವಿಗೆ ನಮ್ಮ ಆಯ್ಕೆ ಇದೇ. ಆರಿಂಚಿನ ಫ್ಯಾನ್ ಡಬ್ಬಿಯ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತದೆ. ಅದು ಬಲೆ, ಪೈಪು ಏನೂ ಇಲ್ಲದಾಗಿನ ಅಂಕಿ. ಗಾಳಿ ಬರುವ ಕಿಂಡಿಗೆ ನೊಣ ತಡೆಯುವ 40 ಮೆಶ್ (ಇಂಚಿಗೆ 40 ಕಣ್ಣಿನ) ಬಲೆ ಹಾಕಿದ ಕೂಡಲೇ ಅರ್ಧಕ್ಕೆ ಇಳಿಯಬಹುದು ಎಂದೇ ಲೆಕ್ಕ ಹಾಕಿ. ಹಾಗಾಗಿ 140 ಬೇಕಿದ್ದರೆ 280ರದ್ದು ಕೊಳ್ಳಿ. ಬಲೆಯನ್ನು ಕಿಂಡಿಯ ಅಳತೆಗೇ ಕತ್ತರಿಸಿ ಹೊಡೆದರೆ ಎರಡು ವಾರದಲ್ಲಿ ಧೂಳಿಗೆ ಕಟ್ಟಿಕೊಳ್ಳುತ್ತದೆ. ಮರದ ಚೌಕಟ್ಟು ಮಾಡಿ, ಕಿಂಡಿಯ ನಾಲ್ಕು ಪಟ್ಟು ಅಗಲದ ಬಲೆ ಹೊಡೆಯಿರಿ.

ಗಾಳಿ ಒಳಬರುವ ಕಿಂಡಿ ಒಂದು ಗೋಡೆಯ ಮೇಲ್ಭಾಗದಲ್ಲಿ, ಫ್ಯಾನ್ ಎದುರು ಗೋಡೆಯ ಕೆಳಭಾಗದಲ್ಲಿ ಇರಲಿ. ಎರಡೂ ಒಂದೇ ಗೋಡೆಯಲ್ಲಿದ್ದರೆ ಬಂದ ಗಾಳಿ ಹಾಗೇ ಹೊರಟುಹೋಗುತ್ತದೆ, ಮೂಲೆಯ ಚೀಲಗಳಿಗೆ ಮುಟ್ಟುವುದಿಲ್ಲ. ದೊಡ್ಡ ಫ್ಯಾನ್ ಆಗಲೇ ಮನೆಯಲ್ಲಿದ್ದರೆ ಆನ್-ಆಫ್ ಆಗುವ ಸೈಕ್ಲಿಕ್ ಟೈಮರ್ ಹಾಕಿ, ಗಂಟೆಗೆ ಹತ್ತು ಹದಿನೈದು ನಿಮಿಷ ಓಡಿಸಿದರೆ ಸಾಕು.

ಎಕ್ಸಾಸ್ಟ್ ಫ್ಯಾನ್ ಕೋಣೆಯೊಳಗೆ ಎಳೆತ ಉಂಟುಮಾಡುತ್ತದೆ. ಇದರ ಲಾಭ ವಾಸನೆಯಲ್ಲಿದೆ: ಒಳಗಿನ ವಾಸನೆ, ಬೀಜಕಣ ಮನೆಯ ಕಡೆ ನುಗ್ಗದೆ ಫ್ಯಾನಿನ ಬಾಯಿಂದಲೇ ಹೊರಗೆ ಹೋಗುತ್ತವೆ. ನಷ್ಟ ನೊಣದಲ್ಲಿದೆ: ಬಾಗಿಲ ಕೆಳಗಿನ ಸಂದು, ವೈರ್ ಹಾಯಿಸಿದ ತೂತು, ಹೆಂಚಿನ ಸೆರೆ ಎಲ್ಲೆಲ್ಲಿಂದಲೂ ಗಾಳಿ ಎಳೆಯುವುದರಿಂದ ಸಿಯಾರಿಡ್ ನೊಣಗಳಿಗೆ ದಾರಿ ಸಿಗುತ್ತದೆ. ಬೆಳಗಾವಿಯ ವಡಗಾವಿ, ಶಹಾಪುರದ ಹಳೆಯ ಹೆಂಚಿನ ಮನೆಗಳಲ್ಲಿ ಮೊದಲು ಒಳಗಡೆ ಪಾಲಿಥಿನ್ ಚಾವಣಿ ಕಟ್ಟಿ, ಸಂದುಗಳಿಗೆ ಟೇಪ್ ಹಚ್ಚಿ, ಆಮೇಲೆ ಫ್ಯಾನ್ ಕೂರಿಸಬೇಕು. ಹಳದಿ ಅಂಟು ಹಾಳೆಯೊಂದನ್ನು ಬಾಗಿಲ ಬಳಿ ತೂಗುಹಾಕಿದರೆ ನೊಣ ಎಷ್ಟು ಬರುತ್ತಿವೆ ಎಂದು ತಿಳಿಯುತ್ತದೆ.

ಬೆಳಗಾವಿಯ ಮಳೆಗಾಲದಲ್ಲಿ ಹೊರಗಿನ ಗಾಳಿಯೇ 22ರಿಂದ 24 ಡಿಗ್ರಿ, ತೇವ ಶೇ. 90ರ ಹತ್ತಿರ. ಅದನ್ನು ಹಾಗೇ ಒಳಗೆಳೆದರೆ ಆಯಿತು, ನೀರು ಸಿಂಪಡಿಸುವ ಕೆಲಸವೂ ಇಲ್ಲದಂತೆಯೇ. ಆದರೂ ಅಭ್ಯಾಸಬಲದಿಂದ ದಿನಕ್ಕೆ ಮೂರು ಸಲ ಸಿಂಪಡಿಸುವವರಿದ್ದಾರೆ. ಕೊಡೆಯ ಮೇಲೆ ಬಿದ್ದ ನೀರು ಎರಡು ಮೂರು ಗಂಟೆಯೊಳಗೆ ಆರದಿದ್ದರೆ ಸೂಡೊಮೊನಾಸ್ ಬ್ಯಾಕ್ಟೀರಿಯಾ ಹತ್ತಿ ಹಳದಿ-ಕಂದು ಲೋಳೆ ಕಲೆ ಏಳುತ್ತದೆ. ಇದಕ್ಕೆ ಔಷಧಿಗಿಂತ ಮೊದಲು ಗಾಳಿ. ಫ್ಯಾನಿನ ಸಮಯ ಹೆಚ್ಚಿಸಿ, ಸಣ್ಣ ಟೇಬಲ್ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ ಓಡಿಸಿ. ಆಮೇಲೆ ಬೇಕಿದ್ದರೆ ಶೇ. 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಲೀಟರಿಗೆ 0.6 ಗ್ರಾಂ ಕರಗಿಸಿ, ತಿಳಿಯನ್ನು ಮಾತ್ರ ಸಿಂಪಡಿಸಿ. ಅದು 150 ಪಿಪಿಎಂ (ಹತ್ತು ಲಕ್ಷಕ್ಕೆ 150 ಪಾಲು) ಆಗುತ್ತದೆ.

ಇದೇ ಫ್ಯಾನನ್ನು ವಿಜಯಪುರದ ಏಪ್ರಿಲ್‌ನಲ್ಲಿ ಓಡಿಸಿದರೆ? ಹೊರಗೆ 40 ಡಿಗ್ರಿ, ತೇವ ಶೇ. 20. ಗಂಟೆಗೆ 140 ಘನ ಮೀಟರ್ ಇಂಥ ಗಾಳಿ ಒಳಬಂದರೆ, ಅದನ್ನು ಅಣಬೆಗೆ ಬೇಕಾದ ತೇವಕ್ಕೆ ತರಲು ಪ್ರತಿ ಗಂಟೆ ಒಂದೂವರೆಯಿಂದ ಎರಡು ಲೀಟರ್ ನೀರು ಆವಿಯಾಗಬೇಕು. ಕೈ ಸ್ಪ್ರೇಯರ್‌ನಿಂದ ಇದು ಆಗದ ಮಾತು. ಮೊಗ್ಗುಗಳು ಎರಡೇ ದಿನದಲ್ಲಿ ಕಂದಾಗಿ ಒಣಗುತ್ತವೆ.

ಕೂಲರ್

ಒಣ ಹವೆಯ ಊರಿಗೆ ಕೂಲರ್ ಹೇಳಿ ಮಾಡಿಸಿದ್ದು. 40 ಡಿಗ್ರಿ, ಶೇ. 20 ತೇವದ ಗಾಳಿಯನ್ನು ನೀರಿನಿಂದ ತಣಿಸಿದರೆ ಹೆಚ್ಚೆಂದರೆ 22–23 ಡಿಗ್ರಿವರೆಗೆ ಇಳಿಸಬಹುದು. ಸಾಧಾರಣ ಪ್ಯಾಡ್ ಇದರಲ್ಲಿ ಮುಕ್ಕಾಲು ಭಾಗದಷ್ಟು ದಾರಿ ಸಾಗುತ್ತದೆ, ಅಂದರೆ ಹೊರಬರುವ ಗಾಳಿ 27–28 ಡಿಗ್ರಿ. ಅದರ ತೇವ ಮಾತ್ರ ಶೇ. 60ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದ ತೇವವನ್ನು ನೆಲದ ಹಸಿ ಮರಳು ಮತ್ತು ನೀರನ್ನು ಮಂಜಿನಂತೆ ಚಿಮ್ಮುವ ಫಾಗರ್ ಕೊಡಬೇಕು. ಕೂಲರ್ ಒಂದೇ ಸಾಕೆಂದು ನಂಬಿದವರ ಚೀಲಗಳಲ್ಲಿ ಕೊಡೆಯ ಅಂಚು ಬಿರಿಯುವುದು ಇದೇ ಕಾರಣಕ್ಕೆ.

ಕೂಲರನ್ನು ಕಿಟಕಿಯ ಹೊರಗೆ ಇಟ್ಟು ಹೊರಗಿನ ಗಾಳಿಯನ್ನೇ ಎಳೆಯುವಂತೆ ಕೂರಿಸಬೇಕು. ಕೋಣೆಯೊಳಗೆ ಇಟ್ಟರೆ ಅದೇ ಹಸಿ ಗಾಳಿ ತಿರುಗಿ ತಿರುಗಿ ಬಂದು ತಂಪೂ ಇಲ್ಲ, ಹೊಸ ಗಾಳಿಯೂ ಇಲ್ಲ. ಎದುರು ಗೋಡೆಯಲ್ಲಿ ಹೊರಹೋಗುವ ಕಿಂಡಿ ಬೇಕೇ ಬೇಕು. ಗಾಳಿಯ ಬಾಯಿಗೆ ಹಲಗೆ ಅಡ್ಡ ಕಟ್ಟಿ ಚಾವಣಿಯ ಕಡೆ ತಿರುಗಿಸಿ. ನೇರ ಹೊಡೆತ ಮೊಗ್ಗಿಗೆ ಆಗದು. ಗಂಟೆಗೆ 1000 ಘನ ಮೀಟರ್ ಎಸೆಯುವ ಕೂಲರ್ ಇಂಥ ಒಣ ಹವೆಯಲ್ಲಿ ಗಂಟೆಗೆ ಸುಮಾರು ಐದು ಲೀಟರ್ ನೀರು ಕುಡಿಯುತ್ತದೆ. 40 ಲೀಟರಿನ ಟ್ಯಾಂಕ್ ಎಂಟು ಗಂಟೆಗೆ ಖಾಲಿ. ಫ್ಲೋಟ್ ವಾಲ್ವ್ ಹಾಕಿ ಓವರ್‌ಹೆಡ್ ಟ್ಯಾಂಕಿಗೆ ಜೋಡಿಸದಿದ್ದರೆ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಅದು ಒಣ ಬಿಸಿ ಗಾಳಿ ಊದುತ್ತಿರುತ್ತದೆ.

ನೀರು ಸವಳಾಗಿದ್ದರೆ ಹುಲ್ಲಿನ ಪ್ಯಾಡಿಗಿಂತ ಹನಿಕೋಂಬ್ ಪ್ಯಾಡ್ ವಾಸಿ. ಅದಕ್ಕೂ ಬಿಳಿ ಉಪ್ಪು ಕಟ್ಟುತ್ತದೆ, ಆದರೆ ತೊಳೆಯಲು ಬರುತ್ತದೆ. ಹುಲ್ಲಿನದು ಮುಗ್ಗಿ ಕೆಟ್ಟ ವಾಸನೆ ಹಿಡಿಯುತ್ತದೆ. ಟ್ಯಾಂಕನ್ನು ವಾರಕ್ಕೊಮ್ಮೆ ಪೂರ್ತಿ ಬಸಿಯಿರಿ, ಸೊಳ್ಳೆಯ ಕಾಟವೂ ತಪ್ಪುತ್ತದೆ. ಅಲ್ಟ್ರಾಸಾನಿಕ್ ಫಾಗರ್‌ಗಂತೂ ಬೋರ್‌ವೆಲ್ ನೀರು ಬೇಡ. ನೀರಿನಲ್ಲಿರುವ ಉಪ್ಪೆಲ್ಲ ಬಿಳಿ ಪುಡಿಯಾಗಿ ಅಣಬೆಯ ಮೇಲೆ ಕೂರುತ್ತದೆ. ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ.

ಕೂಲರ್ ಗಾಳಿಯನ್ನು ಒಳಗೆ ತಳ್ಳುವುದರಿಂದ ಸಂದುಗಳಲ್ಲಿ ಗಾಳಿ ಹೊರಗೆ ಹೋಗುತ್ತದೆ, ನೊಣ ಕಡಿಮೆ. ಅದೇ ಕಾರಣಕ್ಕೆ ಬೀಜಕಣವೂ ವಾಸನೆಯೂ ಬಾಗಿಲ ಸಂದಿನಿಂದ ಮನೆಯೊಳಗೆ ಬರುತ್ತವೆ. ಸಿಂಪಿ ಅಣಬೆಯ ಬೀಜಕಣ ವರ್ಷಗಟ್ಟಲೆ ಉಸಿರಿಗೆ ಹೋದರೆ ಕೆಮ್ಮು, ಜ್ವರ, ಶ್ವಾಸಕೋಶದ ಅಲರ್ಜಿ ಬರುವುದುಂಟು. ಮನೆಯಲ್ಲಿ ಉಬ್ಬಸದವರಿದ್ದರೆ ಅಡುಗೆಮನೆಗೆ ಹೊಂದಿದ ಕೋಣೆಯಲ್ಲಿ ಕೂಲರ್ ವ್ಯವಸ್ಥೆ ಮಾಡಲೇಬೇಡಿ. ಯಾವ ವ್ಯವಸ್ಥೆಯಿದ್ದರೂ ಕೊಡೆಯ ಅಂಚು ಕೆಳಗೆ ಬಾಗಿರುವಾಗಲೇ ಕೊಯ್ಯಿರಿ. ಅಂಚು ಮೇಲಕ್ಕೆ ತಿರುಗಿದರೆ ಬೀಜಕಣ ಉದುರಲು ಶುರುವಾದಂತೆ. ಕೊಯ್ಯುವಾಗ ಎನ್95 ಮಾಸ್ಕ್ ಇರಲಿ.

ಎಸಿ ಬಗ್ಗೆ ಕೇಳುವವರಿಗೆ: ಸ್ಪ್ಲಿಟ್ ಎಸಿ ಗಾಳಿ ಬದಲಿಸುವುದಿಲ್ಲ, ಇರುವ ತೇವವನ್ನೂ ಹಿಂಡಿ ಹೊರಗೆ ಹಾಕುತ್ತದೆ. ಬೇಡ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಿಗೆ ಸಿಂಪಿ ಬಿಟ್ಟು ಹಾಲು ಅಣಬೆಗೆ ಹೋಗುವುದು ಅದಕ್ಕಿಂತ ಜಾಣತನ. ಅದು 30ರಿಂದ 35 ಡಿಗ್ರಿಯಲ್ಲೇ ಬರುತ್ತದೆ, ಮೇಲೆ ಮಣ್ಣಿನ ಹೊದಿಕೆಯೊಂದು ಬೇಕು ಅಷ್ಟೇ.

ವಾಸನೆ

ಚೆನ್ನಾಗಿರುವ ಕೋಣೆಗೆ ಮಳೆ ಬಿದ್ದ ಮಣ್ಣಿನ ಹಗುರ ವಾಸನೆ ಇರುತ್ತದೆ. ಹುಳಿ ವಾಸನೆ ಬಂದರೆ ಕಣಿಕೆಯಲ್ಲಿ ನೀರು ಹೆಚ್ಚಾಗಿದೆ ಎಂದರ್ಥ. ಹಿಡಿಯಷ್ಟು ತೆಗೆದು ಜೋರಾಗಿ ಹಿಂಡಿದಾಗ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು, ಅದು ಶೇ. 65–70 ತೇವ. ಅಮೋನಿಯದ ಘಾಟು ಬಂದರೆ ಹಿಂಡಿ, ತೌಡು ಇಂಥದ್ದು ಹೆಚ್ಚು ಬೆರೆತಿದೆ. ಅಂಥ ಚೀಲದಲ್ಲಿ ಕರಿ ಮಸಿ ಸುರಿಸುವ ಕಳೆ ಅಣಬೆ ಏಳುತ್ತದೆ.

ನೆರೆಯವರು ದೂರುವುದು ಹೆಚ್ಚಾಗಿ ಕೋಣೆಯ ಬಗ್ಗೆ ಅಲ್ಲ, ಕಣಿಕೆ ನೆನೆಸಿದ ನೀರಿನ ಬಗ್ಗೆ. ಬಿಟ್ಟರೆ ಮರುದಿನವೇ ಗಟಾರದ ವಾಸನೆ. ಕಣಿಕೆಯನ್ನು 65–70 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಅದ್ದುವ ಪದ್ಧತಿಯಲ್ಲಿ ಆ ನೀರು ಕಂದಾಗಿ ಬರುತ್ತದೆ, ಅಂದೇ ತೆಂಗಿನ ಬುಡಕ್ಕೋ ತಿಪ್ಪೆಗೋ ಹಾಕಬೇಕು. ಕಣಿಕೆಯನ್ನು ಫಾರ್ಮಾಲಿನ್ ಎಂಬ ರಾಸಾಯನಿಕದಲ್ಲಿ ನೆನೆಸುವ ಪದ್ಧತಿಯನ್ನು ಮನೆಯೊಳಗೆ ಮಾಡುವುದನ್ನು ನಾವು ಒಪ್ಪುವುದಿಲ್ಲ. ಕಣ್ಣು, ಗಂಟಲು ಉರಿಯುವ ಆ ಹೊಗೆಗೆ ಯಾವ ಫ್ಯಾನೂ ಸಾಲದು.

ಕಾರ್ಬನ್ ಫಿಲ್ಟರ್ ಮೇಲೆ ಹಣ ಹಾಕುವ ಮುನ್ನ ಯೋಚಿಸಿ. ಶೇ. 70 ದಾಟಿದ ತೇವದಲ್ಲಿ ಇದ್ದಿಲಿನ ಸೂಕ್ಷ್ಮ ರಂಧ್ರಗಳನ್ನು ನೀರೇ ತುಂಬಿಕೊಳ್ಳುತ್ತದೆ, ವಾಸನೆಗೆ ಜಾಗ ಉಳಿಯುವುದಿಲ್ಲ. ಅಗರಬತ್ತಿ, ಸೊಳ್ಳೆ ಬತ್ತಿ, ಫಿನಾಯಿಲ್ ಮೂರೂ ಕೋಣೆಗೆ ನಿಷಿದ್ಧ, ಏಕೆಂದರೆ ಅಣಬೆಗೆ ಅದೇ ವಾಸನೆ ಅಂಟುತ್ತದೆ. ಒಲೆಯ ಹೊಗೆ ಬಂದರಂತೂ ಕೊಡೆಯ ಆಕಾರವೇ ಕೆಡುತ್ತದೆ.

ಮೀಟರುಗಳು, ವೈರಿಂಗ್

ತೇವದ ಅಗ್ಗದ ಮೀಟರ್ ನಂಬುವ ಮೊದಲು, ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕೆಸರು ಮಾಡಿ, ಮೀಟರ್ ಸಮೇತ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಇಡಿ. ಶೇ. 75 ತೋರಿಸಬೇಕು. ಎಷ್ಟು ತಪ್ಪಿದೆಯೋ ಅಷ್ಟನ್ನು ಮೀಟರಿನ ಮೇಲೆ ಬರೆದಿಡಿ. ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಳ್ಳುವುದಾದರೆ ಎನ್‌ಡಿಐಆರ್ (ಅತಿಗೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವುದನ್ನೇ ಕೊಳ್ಳಿ, 1000 ಪಿಪಿಎಂ ಒಳಗಿರಲಿ. ಅಗ್ಗದವು ವಾಸನೆಯ ಅನಿಲ ನೋಡಿ ಅಂದಾಜು ಹೇಳುತ್ತವೆ, ಅಣಬೆ ಕೋಣೆಯಲ್ಲಿ ಮೋಸ ಹೋಗುತ್ತವೆ. ಮೀಟರ್ ಇಲ್ಲದಿದ್ದರೆ ದೇಟು ನೋಡಿದರೂ ಸಾಕು.

ಕರೆಂಟು ಹೋದಾಗ ಚೀಲಗಳು ಒಂದೆರಡು ಗಂಟೆ ತಾಳುತ್ತವೆ. ಅದಕ್ಕಿಂತ ಹೆಚ್ಚು ಹೊತ್ತಿಗೆ 12 ವೋಲ್ಟಿನ ಡಿಸಿ ಫ್ಯಾನನ್ನು ಬ್ಯಾಟರಿಗೆ ಹಾಕಿಕೊಳ್ಳಬಹುದು. ಕೂಲರಿಗೆ ಇನ್ವರ್ಟರ್ ಜೋಡಿಸುವುದು ದುಬಾರಿ, ಆಗ ಕಿಟಕಿಯ ಹಸಿ ತಟ್ಟೇ ಆಸರೆ. ಪ್ಲಗ್, ಟೈಮರ್ ಎಲ್ಲ ಕೋಣೆಯ ಹೊರಗಿರಲಿ. ಒದ್ದೆ ನೆಲ, ಕಬ್ಬಿಣದ ಕೂಲರ್, ಬರಿಗಾಲು ಮೂರೂ ಒಂದೆಡೆ ಸೇರುವ ಜಾಗವಿದು. ಅರ್ಥಿಂಗ್ ಜೊತೆಗೆ 30 ಮಿಲಿ ಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಹಾಕಿಸದೆ ಕೂಲರಿನ ಸ್ವಿಚ್ ಒತ್ತಬೇಡಿ.