ಬಣ್ಣ ನೋಡಿ ಮೀನಿಗೆ ಊರಿನ ಹೆಸರಿಡಬೇಡಿ

ಟ್ರೋಫಿಯಸ್ ಅನ್ನೋ ಅಕ್ವೇರಿಯಂ ಮೀನು ಸಾಕುವವರು, ಸಾಕಬೇಕು ಅಂದುಕೊಂಡವರು ಇದನ್ನೊಮ್ಮೆ ಓದಿಬಿಡಿ. ಯಾರೋ ಮೋಸ ಮಾಡಿದ ಕಥೆ ಅಲ್ಲ ಇದು. ತಪ್ಪು ಪೂರ್ತಿ ನನ್ನದೇ.

ಮೀನು ಸಾಕುವುದನ್ನೇ ಬಿಡುತ್ತಿದ್ದ ಒಬ್ಬರಿಂದ ಆರು ದೊಡ್ಡ ಟ್ರೋಫಿಯಸ್ ತಂದೆ. ವೈಲ್ಡ್ ಮೀನು, ಆಫ್ರಿಕಾದ ಟ್ಯಾಂಗನ್ಯೀಕಾ ಸರೋವರದಲ್ಲೇ ಹಿಡಿದದ್ದು ಅಂದರು. ಯಾವ ಜಾಗದ್ದು ಅಂತ ಕೇಳಿದೆ. "ಹೆಸರು ಮರೆತೇ ಹೋಗಿದೆ, ಪಟ್ಟೆ ನೋಡಿದ್ರೆ ನಿಮಗೇ ಗೊತ್ತಾಗುತ್ತೆ ಬಿಡಿ" ಅಂದರು. ಹೊಗಳಿದ ಹಾಗಾಯ್ತು, ಉಬ್ಬಿಹೋದೆ.

ಅವತ್ತು ರಾತ್ರಿ ಗಾಜಿನ ಪಕ್ಕ ಫೋನ್ ಹಿಡಿದು ಒಂದೊಂದೇ ಫೋಟೋ ಹೋಲಿಸಿದೆ. ಕಪ್ಪು ಮೈ, ನಡುವೆ ಬೆನ್ನಿನಿಂದ ಹೊಟ್ಟೆವರೆಗೆ ಅಗಲವಾದ ಕಿತ್ತಳೆ ಪಟ್ಟೆ. ಕಿತ್ತಳೆ ಅಂದ್ರೆ ಬೆಂಬಾ ಅನ್ನೋ ಜಾಗದ್ದು, ಅಲ್ವಾ? ಟೇಪಿನ ಮೇಲೆ 'ಬೆಂಬಾ' ಅಂತ ಬರೆದು ಟ್ಯಾಂಕಿಗೆ ಅಂಟಿಸಿದೆ. ಅಷ್ಟಕ್ಕೇ ಸುಮ್ನಿರದೆ, ಬೆಂಬಾದ್ದೇ ಅಂತ ಮಾರುವವರ ಪಟ್ಟಿಯಲ್ಲಿ ನಮೂದಾಗಿದ್ದ ಎಂಟು ವೈಲ್ಡ್ ಮೀನು ತರಿಸಿ ಅದೇ ಟ್ಯಾಂಕಿಗೆ ಬಿಟ್ಟೆ.

ಈ ಹೆಸರುಗಳು ಯಾಕೆ ಅಷ್ಟು ಮುಖ್ಯ ಅಂತ ಹೊಸಬರಿಗೆ ಹೇಳಿಬಿಡ್ತೀನಿ. ಟ್ರೋಫಿಯಸ್ ಬಂಡೆ ಬಿಟ್ಟು ಹೋಗುವ ಮೀನಲ್ಲ. ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುತ್ತೆ. ನಡುವೆ ಉದ್ದಕ್ಕೆ ಮರಳು ಬಂದರೆ, ನದಿ ಬಂದು ಸೇರಿದರೆ, ದಾಟುವುದು ಅಪರೂಪ. ಹಾಗಾಗಿ ಒಂದೊಂದು ದಡದಲ್ಲಿ ಒಂದೊಂದು ಬಣ್ಣ. ನೂರಕ್ಕೂ ಜಾಸ್ತಿ ಬಣ್ಣದ ಬಗೆಗಳಿವೆ. ಬೆಂಬಾ, ಕಿರಿಝಾ, ಇಕೋಲಾ ಎಲ್ಲ ಅಲ್ಲಿನ ಜಾಗಗಳ ಹೆಸರು. ಬೆಂಬಾ, ಕಿರಿಝಾ ಎರಡೂ ಕಾಂಗೋ ಕಡೆಯ ದಡದವು. ಎರಡೂ ಕಪ್ಪು ಮೈಯವು. ಒಂದರ ಪಟ್ಟೆ ಕಿತ್ತಳೆ, ಇನ್ನೊಂದರದ್ದು ಹಳದಿ. ಪುಸ್ತಕದ ಫೋಟೋದಲ್ಲಿ ಇದು ತುಂಬ ಸುಲಭ.

ಕೆಲವು ತಿಂಗಳು ಕಳೆದವು. ಟ್ಯಾಂಕಿನಲ್ಲಿ ಪಟ್ಟೆಗಳು ತಿಳಿಯಾಗತೊಡಗಿದವು. ಕಿತ್ತಳೆ ಹೋಗಿ ಹಳದಿ ಅನ್ನಬಹುದಾದ ಬಣ್ಣ ಬಂತು. ಮೊದಲು ನೀರು ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಬದಲಾಗಿದ್ದು ಆಹಾರ. ಮೀನಿನ ಕೆಂಪು, ಕಿತ್ತಳೆಗೆ ಕಾರಣ ಕ್ಯಾರೊಟಿನಾಯ್ಡ್. ಅದನ್ನು ಮೀನು ತಾನೇ ತಯಾರಿಸಿಕೊಳ್ಳೋಕೆ ಆಗಲ್ಲ, ತಿಂದದ್ದರಿಂದಲೇ ಬರಬೇಕು. ಹಳೆಯ ಮಾಲೀಕರು ಬಣ್ಣ ಏರಿಸುವ ಆಹಾರ ಹಾಕುತ್ತಿದ್ದರು. ನಾನು ಹಾಕುತ್ತಿರಲಿಲ್ಲ.

ಹಾಗಾದ್ರೆ ಆ ಆರು ಕಿರಿಝಾನಾ? ಅದನ್ನೂ ಹೇಳೋಕಾಗಲ್ಲ. ಯಾಕಂದ್ರೆ ಪಟ್ಟಿಯ ಎಂಟು ಬೆಂಬಾಗಳ ಪಟ್ಟೆಯೂ ತಿಳಿಯಾಗಿತ್ತು! ಜಗಳದಲ್ಲಿ ಸೋತು ಮೂಲೆ ಸೇರಿದ ಮೀನಿನ ಪಟ್ಟೆಯಂತೂ ಬೇರೆಯೇ ಕಾಣುತ್ತೆ. ನೀಲಿ ಲೈಟಿನ ಕೆಳಗೆ ಇನ್ನೊಂದು ಥರ. ಮರಿಗಳ ಬಣ್ಣವೂ ದೊಡ್ಡವುಗಳ ಹಾಗೇ ಇರಬೇಕು ಅಂತಿಲ್ಲ.

ಅಷ್ಟರಲ್ಲಿ ಮರಿಗಳೂ ಆಗಿದ್ದವು. ಬೇರೆ ಬೇರೆ ಜಾಗದ ಟ್ರೋಫಿಯಸ್ ಒಂದೇ ಟ್ಯಾಂಕಿನಲ್ಲಿದ್ದರೆ ಆರಾಮಾಗಿ ಕೂಡಿ ಬೆರಕೆ ಮರಿ ಹಾಕುತ್ತವೆ. ತಾಯಿ ಮೊಟ್ಟೆ, ಮರಿಗಳನ್ನು ಸುಮಾರು ಒಂದು ತಿಂಗಳು ಬಾಯಲ್ಲೇ ಇಟ್ಟುಕೊಂಡು, ಗಂಟಲು ಉಬ್ಬಿಸಿಕೊಂಡು ತಿರುಗಿ, ಒಂದು ದಿನ ಮರಿ ಉಗುಳುತ್ತೆ. ಅವನ್ನೆಲ್ಲ ಖುಷಿಯಿಂದ ಮೂವರು ಗೆಳೆಯರಿಗೆ 'ಬೆಂಬಾ ಎಫ್1', ಅಂದ್ರೆ ವೈಲ್ಡ್ ಬೆಂಬಾದ ಮೊದಲ ತಲೆಮಾರಿನ ಮರಿ, ಅಂತ ಹಂಚಿದ್ದೆ. ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಇಬ್ಬರು ಬೇರೆ ಇಟ್ಟಿದ್ದರು. ಮೂರನೆಯವನು ಆಗಲೇ ತನ್ನ ಹಳೆಯ ಗುಂಪಿಗೆ ಸೇರಿಸಿಬಿಟ್ಟಿದ್ದ. "ಈಗ ಹೇಳ್ತೀಯಲ್ಲೋ" ಅಂದ, ಅಷ್ಟೇ.

ಆದ್ದರಿಂದ, ತರುವಾಗಲೇ ಜಾಗದ ಹೆಸರು ಬರೆಸಿಕೊಳ್ಳಿ. ಪಟ್ಟಿಯ ಪ್ರತಿ ಎತ್ತಿಡಿ. ಹೆಸರಿಲ್ಲದಿದ್ದರೆ ಆ ಮೀನನ್ನು ಬೇರೆ ಟ್ಯಾಂಕಿನಲ್ಲಿಡಿ, ಚೆನ್ನಾಗಿ ನೋಡಿಕೊಳ್ಳಿ, ಮರಿಗಳನ್ನು ಊರಿನ ಹೆಸರು ಹಚ್ಚಿ ಕೊಡಬೇಡಿ. ಫೋಟೋ ಹಾಕಿ "ಇದು ಯಾವ ಜಾಗದ್ದು?" ಅಂತ ಕೇಳಿದರೆ ಉತ್ತರ ಹೇಳೋಕೆ ಹತ್ತು ಜನ ಇರ್ತಾರೆ. ನಾನೂ ಹಾಗೆ ಹೇಳಿದವನೇ.

ಎಂಟನ್ನಾದರೂ ಬೇರೆ ಮಾಡೋಣ ಅಂತ ಬಲೆ ಹಿಡಿದು ನಿಂತೆ. ಹದಿನಾಲ್ಕೂ ಒಂದೇ ಅಳತೆ, ಒಂದೇ ಬಣ್ಣ. ಬೆಂಬಾದ ಆ ಪಟ್ಟಿ ಈಗಲೂ ಡ್ರಾಯರಿನಲ್ಲಿದೆ. ಅದರಲ್ಲಿರುವ ಎಂಟು ಯಾವುವು ಅನ್ನೋದು ಮಾತ್ರ ಗೊತ್ತಿಲ್ಲ.