ನರಕೋಶದೊಳಗಿನ ಆರ್‌ಎನ್‌ಎ ಸಾಗಣೆ: ಫಿಶ್ ಮೇಲೋ, ಎಂಎಸ್2 ಮೇಲೋ?

ಸಂದೇಶವಾಹಕ ಆರ್‌ಎನ್‌ಎ ಕೋಶಕೇಂದ್ರದಲ್ಲಿ ತಯಾರಾಗಿ, ನೂರಾರು ಮೈಕ್ರಾನ್ ದೂರದ ಡೆಂಡ್ರೈಟ್‌ಗಳವರೆಗೂ (ನರಕೋಶದ ಕವಲೊಡೆದ ಚಾಚುಗಳು) ಸಾಗಿ, ಅಲ್ಲಿಯೇ ಪ್ರೋಟೀನ್ ತಯಾರಿಕೆಗೆ ಒದಗುತ್ತದೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದ ನರಕೋಶಗಳನ್ನು ಬೆಳೆಸಿ, ಕೋಶದ ಒಳಚೌಕಟ್ಟಿನ ಪ್ರೋಟೀನಾದ ಬೀಟಾ-ಆಕ್ಟಿನ್‌ನ ಆರ್‌ಎನ್‌ಎಯ ಈ ಪಯಣವನ್ನು ನಾನು ಎರಡು ವಿಧಾನಗಳಲ್ಲಿ ಹಿಂಬಾಲಿಸಿದ್ದೇನೆ.

ಮೊದಲನೆಯದು ಏಕ-ಅಣು ಫಿಶ್ (ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್). ಕೋಶಗಳನ್ನು ಫಾರ್ಮಾಲ್ಡಿಹೈಡ್‌ನಿಂದ ಸ್ಥಿರಗೊಳಿಸಿ, ಹೊಳೆಯುವ ಬಣ್ಣ ಕಟ್ಟಿದ, ತಲಾ ಸುಮಾರು 20 ಅಕ್ಷರಗಳ (ನ್ಯೂಕ್ಲಿಯೋಟೈಡ್‌ಗಳ) ಹತ್ತಾರು ಡಿಎನ್‌ಎ ತುಣುಕುಗಳನ್ನು ಒಂದೇ ಆರ್‌ಎನ್‌ಎಗೆ ಅಂಟಿಸಿದರೆ ಅದು ಚುಕ್ಕೆಯಾಗಿ ಕಾಣುತ್ತದೆ. ಕೋಶಕಾಯದಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಎಣಿಕೆ ಕಷ್ಟವಾದರೂ ತೆಳುವಾದ ಡೆಂಡ್ರೈಟ್‌ನಲ್ಲಿ ನಿಚ್ಚಳವಾಗಿ ಸಿಗುತ್ತವೆ. ಕೋಶದ ಸ್ವಂತ ಆರ್‌ಎನ್‌ಎಯನ್ನು ತಿದ್ದದೆ ನೋಡುತ್ತೇವೆಂಬುದೇ ಇದರ ದೊಡ್ಡ ಬಲ. ಆದರೆ ಕೋಶ ಸತ್ತಿರುವುದರಿಂದ ಕವಲಿನಲ್ಲಿರುವ ಚುಕ್ಕೆ ಹೊರಗೆ ಹೊರಟಿತ್ತೋ ಹಿಂದಿರುಗುತ್ತಿತ್ತೋ ತಿಳಿಯದು.

ಅದನ್ನು ತಿಳಿಸುವುದು 1998ರಲ್ಲಿ ಯೀಸ್ಟ್‌ನಲ್ಲಿ ತೋರಿಸಲಾದ ಎಂಎಸ್2 ವಿಧಾನ. ಆರ್‌ಎನ್‌ಎಗೆ ಸಾಮಾನ್ಯವಾಗಿ 24 ಕುಣಿಕೆಗಳನ್ನು ಸೇರಿಸಿದರೆ, ಎಂಎಸ್2 ಎಂಬ ಬ್ಯಾಕ್ಟೀರಿಯೋಫೇಜ್‌ನ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಹೊದಿಕೆ ಪ್ರೋಟೀನ್, ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನು ಹೊತ್ತು ಬಂದು ಅವುಗಳನ್ನು ಹಿಡಿಯುತ್ತದೆ. ಬದುಕಿರುವ ಕೋಶದಲ್ಲಿ ಒಂದು ಕಣ ಕವಲಿನವರೆಗೆ ಓಡಿ, ನಿಂತು, ಸ್ವಲ್ಪ ಹಿಂದೆ ಸರಿದು, ಆಮೇಲೆ ಪಕ್ಕದ ಕೊಂಬೆಯನ್ನು ಹೊಕ್ಕಿದ್ದನ್ನು ನೋಡಿದಾಗ ಆದ ಸಂತೋಷವನ್ನು ಯಾವ ಸ್ಥಿರ ಚಿತ್ರವೂ ಕೊಟ್ಟಿಲ್ಲ. ಡೆಂಡ್ರೈಟ್‌ನ ಸೂಕ್ಷ್ಮನಳಿಕೆಗಳು ಎರಡೂ ದಿಕ್ಕಿಗೆ ಮುಖ ಮಾಡಿರುತ್ತವೆ. ಅವುಗಳ ಮೇಲೆ ಸರಕು ಸಾಗಿಸುವ ಮೋಟಾರು ಪ್ರೋಟೀನ್‌ಗಳಾದ ಕೈನೆಸಿನ್, ಡೈನೀನ್ ಎರಡೂ ನಡೆಯುತ್ತವೆ. ಹಾಗಾಗಿ ಈ ಹಿಂದುಮುಂದು ಸಹಜವೇ.

ತೊಡಕುಗಳೂ ಇವೆ. ಕುಣಿಕೆಗಳಿಂದ ಆರ್‌ಎನ್‌ಎ ಸಾವಿರಕ್ಕೂ ಹೆಚ್ಚು ಅಕ್ಷರ ಉದ್ದವಾಗುತ್ತದೆ. ಬಿಡಿ ಜಿಎಫ್‌ಪಿಯ ಮಂಜು ಕವಿಯದಿರಲು ಅದನ್ನು ಕೋಶಕೇಂದ್ರಕ್ಕೆ ಸೆಳೆಯುವ ಸಂಕೇತವೂ ಬೇಕು. ಕೋಶಗಳನ್ನು 37 ಡಿಗ್ರಿಯಲ್ಲಿ ಇಡಬೇಕಾದ್ದರಿಂದ, ಡಿಸೆಂಬರ್‌ನ ಬೆಂಗಳೂರಿನ ಬೆಳಗಿನಲ್ಲಿ ಸೂಕ್ಷ್ಮದರ್ಶಕದ ಪೀಠ ಬಿಸಿಯಾಗಿ ಫೋಕಸ್ ನೆಲೆಗೊಳ್ಳುವವರೆಗೆ ತಾಳ್ಮೆಯಿಂದ ಕಾಯಬೇಕು.

ಹೊಸದಾಗಿ ಶುರುಮಾಡುವವರಿಗೆ ನಾನು ಫಿಶ್ ಅನ್ನೇ ಹೇಳುತ್ತೇನೆ. ಎಂಎಸ್2 ಜೋಡಿಸಿದ ಮೇಲೂ ಕುಣಿಕೆ ಹೊತ್ತ ಆರ್‌ಎನ್‌ಎ ಮತ್ತು ಕೋಶದ ಸ್ವಂತ ಆರ್‌ಎನ್‌ಎ ಒಂದೇ ರೀತಿ ಹರಡಿವೆಯೇ ಎಂದು ಫಿಶ್‌ನಿಂದ ಪರೀಕ್ಷಿಸದೆ ಆ ವಿಡಿಯೋಗಳನ್ನು ನಾನು ನಂಬುವುದಿಲ್ಲ. ಬೀಟಾ-ಆಕ್ಟಿನ್‌ನ ವಿಳಾಸದಂತಿರುವ 54 ಅಕ್ಷರಗಳ ತುಣುಕಿಗೆ ಝಡ್‌ಬಿಪಿ1 ಪ್ರೋಟೀನ್ ಅಂಟಬೇಕು. ಕುಣಿಕೆಗಳನ್ನು ಆ ತುಣುಕಿಗೆ ಧಕ್ಕೆಯಾಗದಂತೆ ದೂರದಲ್ಲಿ ಇಡುವುದನ್ನು ವಿನ್ಯಾಸದ ಹಂತದಲ್ಲೇ ಖಚಿತಪಡಿಸಿಕೊಳ್ಳಬೇಕು.